ಎಪ್ಪತ್ತೆರಡು ತವರದ ಬಿಲ್ಲೆಗಳು

ನಮ್ಮ ಮನೆಯಲ್ಲಿ ತಕ್ಕಡಿ ಇದೆ, ಆದರೆ ಅದರ ಮೇಲೆ ಅಮ್ಮ ಈರುಳ್ಳಿ ಬುಟ್ಟಿ ಇಟ್ಟು ಎಷ್ಟೋ ವರ್ಷವಾಯಿತು. ತೂಕ ಬೇಕೆಂದರೆ ಅಪ್ಪನ ಅಂಗೈ ಇದೆ. ತಾಮ್ರದ ಚೂರಾಗಲಿ, ತವರದ ಗಟ್ಟಿಯಾಗಲಿ, ಅಪ್ಪ ಅದನ್ನು ಅಂಗೈ ಮೇಲಿಟ್ಟುಕೊಂಡು ಎರಡು ಸಲ ಮೆಲ್ಲಗೆ ಎತ್ತಿ ಇಳಿಸಿ ಹೇಳಿದ್ದೇ ತೂಕ. ತಕ್ಕಡಿ ಬೇಕಾದರೆ ಸುಳ್ಳು ಹೇಳೀತು, ಕಲಾಯಿಯವನ ಕೈ ಹೇಳುವುದಿಲ್ಲ ಎಂದು ನಮ್ಮ ಬೀದಿಯಲ್ಲಿ ಮಾತೇ ಇತ್ತು. ಚಿಕ್ಕಂದಿನಲ್ಲಿ ಈ ವಿದ್ಯೆಯನ್ನು ನನಗೂ ಕಲಿಸಲು ನೋಡಿದ. ನನ್ನ ಅಂಗೈಗೆ ಉಪ್ಪಿನ ಪೊಟ್ಟಣವೂ ಒಂದೇ, ಇಟ್ಟಿಗೆಯೂ ಒಂದೇ. "ಇವಳ ಕೈ ಬರೀ ಊಟಕ್ಕೆ" ಎಂದು ಅಪ್ಪ ಬಿಟ್ಟುಬಿಟ್ಟ. ಆ ಅಂಗೈಯನ್ನು ನಂಬಿ ನಾನು ಮಂಗನಾದ ಕಥೆ ಇದು, ಆದ್ದರಿಂದ ಮೊದಲೇ ಹೇಳಿದ್ದೇನೆ.

ಕಲಾಯಿ ಎಂದರೆ ತಾಮ್ರದ ಪಾತ್ರೆಯ ಒಳಮೈಗೆ ತವರ ಸವರುವುದು. ಸವರದಿದ್ದರೆ ಪಾತ್ರೆ ಕಿಲುಬು ಹಿಡಿದು ಅದರಲ್ಲಿಟ್ಟದ್ದೆಲ್ಲ ಕೆಡುತ್ತದೆ. ಪಾತ್ರೆಯನ್ನು ಕೆಂಪಗೆ ಕಾಯಿಸಿ, ನವಸಾಗರದ ಪುಡಿ ಎರಚಿ, ತವರ ಮುಟ್ಟಿಸಿ, ಹತ್ತಿಯ ಉಂಡೆಯಿಂದ ಒಂದೇ ಬೀಸಿಗೆ ಒರೆಸಬೇಕು. ಆ ನವಸಾಗರದ ಬಿಳಿ ಹೊಗೆ ನಲವತ್ತೈದು ವರ್ಷ ಅಪ್ಪನ ಎದೆಯೊಳಗೆ ಹೋಗಿ ಅಲ್ಲೇ ಬಿಡಾರ ಹೂಡಿತ್ತು. ಡಾಕ್ಟರು ಎದೆಗೆ ಕಿವಿಯಿಟ್ಟು ಕೇಳಿ "ಇನ್ನು ಸಾಕು ಮಾಡಿ" ಎಂದರು. ಅಪ್ಪ "ಆಯ್ತು" ಎಂದ. ಆದರೆ ಅವನ ಮಂಚದ ಕೆಳಗೆ ಎರಡು ಬಟ್ಟೆ ಸೋಪಿನಷ್ಟು ತವರದ ಗಟ್ಟಿ ಉಳಿದಿತ್ತು. ಪೇಟೆಯಲ್ಲಿ ತವರ ಸಿಗುವುದೇ ಅಪರೂಪವಾಗಿತ್ತು. ಬಂದದ್ದೆಲ್ಲ ಫೋನು, ಟೀವಿಗಳ ಬೆಸುಗೆಗೆ ಹೋಗುತ್ತದೆ ಎಂದು ಲೋಹದಂಗಡಿಯವನು ಕೈ ಆಡಿಸುತ್ತಿದ್ದ. ಅಂದರೆ ಮಂಚದ ಕೆಳಗಿನ ಗಟ್ಟಿ ಖಾಲಿಯಾದರೆ ಅಪ್ಪನ ಕುಲುಮೆಯೂ ತಾನಾಗಿ ಆರುತ್ತದೆ. ಇದನ್ನು ಯೋಚಿಸಿದವಳು ನಾನು. ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ನಾನು ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುವವಳು. ನಲವತ್ತು ಬಸ್ಸು, ನಲವತ್ತಮೂರು ಮಾರ್ಗ. ಇಲ್ಲದ ಮೂರು ಬಸ್ಸುಗಳನ್ನು ಇರುವ ನಲವತ್ತರೊಳಗೆ ಅಡಗಿಸುವುದೇ ನನ್ನ ಕೆಲಸ. ಕೊರತೆಯ ಜೊತೆ ಇಷ್ಟು ವರ್ಷ ಸಂಸಾರ ಮಾಡಿದ್ದಕ್ಕೋ ಏನೋ, ಬಿಡುವಿನಲ್ಲಿ ನಾನು ಕಟ್ಟಲು ಹೊರಟ ಆಟವೂ ಕೊರತೆಯದ್ದೇ ಆಯಿತು. ಅದರ ಹೆಸರು 'ಕಂಚಿನ ಬಾಗಿಲು'. ಮೂರು ಸಾವಿರ ವರ್ಷದ ಹಿಂದಿನ ನಾಲ್ಕು ಊರುಗಳು. ಒಂದಕ್ಕೆ ತಾಮ್ರದ ಗುಡ್ಡ, ಒಂದಕ್ಕೆ ಧಾನ್ಯ, ಒಂದಕ್ಕೆ ಮರ, ಒಂದಕ್ಕೆ ಬಂದರು. ತವರ ಮಾತ್ರ ಯಾರ ನೆಲದಲ್ಲೂ ಇಲ್ಲ, ದೂರದಿಂದ ಹಡಗಿನಲ್ಲಿ ಬರಬೇಕು. ತಾಮ್ರಕ್ಕೆ ತವರ ಸೇರಿಸಿದರೆ ಕಂಚು. ಆರು ವರ್ಷದೊಳಗೆ ಒಂದೊಂದೇ ಹಲಗೆ ಎರಕ ಹೊಯ್ದು ತನ್ನ ಊರಿಗೆ ಮೊದಲು ಕಂಚಿನ ಬಾಗಿಲು ನಿಲ್ಲಿಸಿದವರು ಗೆದ್ದರು. ಖರ್ಚಾದ ತವರ ನಡುವಿನ ಬಟ್ಟಲಿಗೆ ಬೀಳುತ್ತದೆ. ವರ್ಷದ ಕೊನೆಗೆ ಬಟ್ಟಲಿನದ್ದು ಚೀಲಕ್ಕೆ, ಮುಂದಿನ ವರ್ಷ ಚೀಲದ್ದು ಹಡಗಿಗೆ, ಹಡಗಿನದ್ದು ಮತ್ತೆ ಊರುಗಳಿಗೆ. ಕಾಗದದ ಮೇಲೆ ನೋಡಲು ಬಲು ಚೆಂದ.

ಆಡಲು ಕೂತರೆ ಗೋಳು. ಆಟಗಳನ್ನು ಅಚ್ಚು ಹಾಕಿಸುವ ಕಂಪನಿಯ ಮೇಡಂ ಎರಡು ಸಲ ಇದನ್ನು ವಾಪಸು ಕಳಿಸಿದ್ದರು. ಮೊದಲ ಸಲ ನೂರಿಪ್ಪತ್ತು ತವರ ಇಟ್ಟಿದ್ದೆ. "ಎಲ್ಲರ ಹತ್ತಿರವೂ ಎಲ್ಲ ಇದೆ, ಯಾರಿಗೂ ಯಾರ ಹಂಗೂ ಇಲ್ಲ, ವ್ಯಾಪಾರ ಯಾಕೆ ಮಾಡಬೇಕು?" ಎಂದು ಬರೆದರು. ಎರಡನೆಯ ಸಲ ಕೋಪದಲ್ಲಿ ಇಪ್ಪತ್ನಾಲ್ಕಕ್ಕೆ ಇಳಿಸಿದೆ. ಮೊದಲು ಕೈಹಾಕಿದವರು ತವರವನ್ನೆಲ್ಲ ಬಾಚಿಕೊಂಡರು, ಉಳಿದವರು ಅರ್ಧ ಗಂಟೆ ಮುಖ ಮುಖ ನೋಡುತ್ತ ಕೂತರು. "ಮೂರನೆಯ ಸಲವೂ ತೂಕ ತಪ್ಪಿದರೆ ದಯವಿಟ್ಟು ಬೇರೆ ಆಟ ಯೋಚಿಸಿ" ಎಂದು ಮೇಡಂ ಬರೆದ ಕಾಗದ ನನ್ನ ಮೇಜಿನ ಗಾಜಿನ ಕೆಳಗೆ ಇತ್ತು. ಐದು ವರ್ಷದ ಕೆಲಸ, ಉಳಿದದ್ದು ಒಂದೇ ಸರದಿ. ನೂರಿಪ್ಪತ್ತಕ್ಕೂ ಇಪ್ಪತ್ನಾಲ್ಕಕ್ಕೂ ನಡುವೆ ಎಪ್ಪತ್ತೆರಡು ಎಂದು ಲೆಕ್ಕ ಹಾಕಿದೆ. ಡಿಪೋದವರ ಬುದ್ಧಿ ಓಡುವುದೇ ಹೀಗೆ.

"ಅಪ್ಪಾ, ಈ ಸಲ ಬಿಲ್ಲೆಗಳು ನಿಜವಾದ ತವರದ್ದೇ ಆಗ್ಬೇಕು. ಎಪ್ಪತ್ತೆರಡು. ನೀನೇ ಎರಕ ಹೊಯ್ದು ಕೊಡು" ಎಂದೆ.

ಅಪ್ಪ ನನ್ನ ಮುಖ ನೋಡಿದ, ಮಂಚದ ಕೆಳಗೆ ನೋಡಿದ. "ಗಟ್ಟಿ ಪೂರ್ತಿ ಬೇಕಾಗುತ್ತೆ."

"ಪೂರ್ತಿ ಬೇಕು."

ಅವನಿಗೆ ಅರ್ಥವಾಗಲಿಲ್ಲವೆಂದು ನಾನು ತಿಳಿದಿದ್ದೆ. ಹೆತ್ತವರಿಗೆ ಏನೂ ತಿಳಿಯುವುದಿಲ್ಲ ಎಂದು ನಂಬುವುದಕ್ಕೆ ವಯಸ್ಸಿನ ಮಿತಿ ಇಲ್ಲ, ನನಗಾಗ ಮೂವತ್ತೊಂಬತ್ತು. ಎರಡು ದಿನದಲ್ಲಿ ಗುಂಡಿಯ ಗಾತ್ರದ, ನಡುವೆ ಪುಟ್ಟ ಹಡಗಿನ ಗುರುತಿದ್ದ ಎಪ್ಪತ್ತೆರಡು ಬಿಲ್ಲೆಗಳನ್ನು ಅಪ್ಪ ಚೀಲದಲ್ಲಿ ಹಾಕಿ ತಂದುಕೊಟ್ಟ. ಆಮೇಲೆ ಕುಲುಮೆಯ ಬಾಯಿಗೆ ಹಳೆಯ ತಗಡು ಮುಚ್ಚಿ, ಅದರ ಮೇಲೆ ಒಂದು ಕಲ್ಲು ಇಟ್ಟ. ಆ ತಗಡು ತೆಗೆದುಬಿಡು ಎನ್ನಲು ಹೊರಟೆ. ಆದರೆ ಅವನು ಕೆಮ್ಮಿದ, ನಾನು ಮಾತು ನುಂಗಿದೆ.

ಪ್ರತಿ ಭಾನುವಾರ ಮಧ್ಯಾಹ್ನ ನಮ್ಮ ಊಟದ ಮೇಜಿನ ಮೇಲೆ ಆಟ. ತಾಮ್ರದ ಗುಡ್ಡ ಸೋದರಮಾವನಿಗೆ. ಮಾವ ಹಳೆಯ ಪಾತ್ರೆಗಳ ವ್ಯಾಪಾರಿ, ಇಸ್ಪೀಟಿನಲ್ಲಿ, ಕೇರಂನಲ್ಲಿ, ಕೊನೆಗೆ ಮಕ್ಕಳ ಜೊತೆ ಕಣ್ಣಾಮುಚ್ಚಾಲೆಯಲ್ಲೂ ಮೋಸ ಮಾಡಿದ ಕೀರ್ತಿ ಅವನದ್ದು. ಧಾನ್ಯದ ಊರು ಅಮ್ಮನಿಗೆ. ಅಮ್ಮ ಆಟದಲ್ಲೂ ಧಾನ್ಯವನ್ನು ಮಳೆಗಾಲಕ್ಕೆಂದು ಎತ್ತಿಡುತ್ತಾಳೆ, ಆ ಮಳೆಗಾಲ ಎಂದೂ ಬರುವುದಿಲ್ಲ. ಮರದ ಊರು ಪಕ್ಕದ ಮನೆಯ ದರ್ಜಿಗೆ. ಅವಳನ್ನು ಬೀದಿಯೆಲ್ಲ ಅಳತೆ ಅಕ್ಕ ಎನ್ನುತ್ತದೆ, ಏಕೆಂದರೆ ಎದುರಿಗೆ ಬಂದವರನ್ನು ಅವಳು ಮೊದಲು ಭುಜದಿಂದ ಭುಜಕ್ಕೆ ಕಣ್ಣಲ್ಲೇ ಅಳೆದು ಆಮೇಲೆ ಮಾತಾಡಿಸುತ್ತಾಳೆ. ಬಂದರು ನನಗೆ. ಅಪ್ಪ "ನಂಗೆ ಆಟ ಬರಲ್ಲಪ್ಪ" ಎಂದು ದೂರ ಕೂತ. ಸುಮ್ಮನೆ ಕೂರುವುದು ಯಾಕೆಂದು ಬಟ್ಟಲು, ಚೀಲ ಎರಡನ್ನೂ ಅವನ ಕೈಗೇ ಕೊಟ್ಟು ಭಂಡಾರಿ ಮಾಡಿದೆ.

ಆಟ ಮುಗಿದ ಮೇಲೆ ಬಿಲ್ಲೆ ಎಣಿಸುವುದು ನನ್ನ ಕ್ರಮ. ಮೊದಲ ಭಾನುವಾರ ಎಣಿಸಲು ಕೈ ಚಾಚಿದೆ. ಅಪ್ಪ ಚೀಲವನ್ನು ಅಂಗೈ ಮೇಲಿಟ್ಟುಕೊಂಡು ಎರಡು ಸಲ ಎತ್ತಿ ಇಳಿಸಿ, "ಸರಿಯಾಗಿದೆ" ಎಂದ. ಅಲ್ಲಿಗೆ ಮುಗಿಯಿತು. ಅಪ್ಪನ ಅಂಗೈ ಹೇಳಿದ ಮೇಲೆ ಎಣಿಸುವುದೆಂದರೆ ಸೂರ್ಯ ಹುಟ್ಟಿದನೇ ಎಂದು ದೀಪ ಹಚ್ಚಿ ನೋಡಿದಂತೆ. ಬೇರೆ ಯಾವ ಮನೆಯಲ್ಲೂ ಈ ತಪ್ಪು ನಡೆಯುತ್ತಿರಲಿಲ್ಲ.

ಆ ಮೊದಲ ಭಾನುವಾರ ಆಟ ಸಪ್ಪೆಯಾಗೇ ಸಾಗಿತ್ತು. ಆದರೆ ಐದನೆಯ ವರ್ಷದಲ್ಲಿ ಅಮ್ಮ ತಲೆಯೆತ್ತಿ, "ಒಂದು ತವರ ಕೊಡೋ" ಎಂದು ತಮ್ಮನನ್ನು ಕೇಳಿದಳು. ಅವನು ಆರು ಮೂಟೆ ಧಾನ್ಯ ಕೇಳಿದ. "ಒಡಹುಟ್ಟಿದವಳ ಹತ್ರ ಆರಾ?" ಎಂದು ಶುರುವಾದ ಜಗಳ ಸಂಜೆ ಚಹಾದವರೆಗೂ ನಡೆಯಿತು. ನಾನು ಟಿಪ್ಪಣಿ ಪುಸ್ತಕದಲ್ಲಿ 'ಮಾತು ಶುರು!' ಎಂದು ಬರೆದುಕೊಂಡೆ. ಎರಡನೆಯ ವಾರ ಇನ್ನೂ ಬಿಸಿ ಏರಿತು. ನಾಲ್ಕನೆಯ ವಾರವಂತೂ ಹಬೆಯಾಡಿತು. ಅಳತೆ ಅಕ್ಕ ತನ್ನ ಕಾಡನ್ನೆಲ್ಲ ಕೊಟ್ಟು ಮೂರು ತವರ ಪಡೆದಳು, ಮಾವ ಅಮ್ಮನ ಜೊತೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡು ಮರು ಸರದಿಯಲ್ಲೇ ಮುರಿದ, ಅಮ್ಮ ಎದ್ದು ನಿಂತು "ನಿನ್ನ ಊರಿಗೆ ಒಂದು ಕಾಳು ಬರಲ್ಲ, ನೋಡ್ತಿರು" ಎಂದು ಮೂರು ಸಾವಿರ ವರ್ಷದ ಹಿಂದಿನ ಜನರನ್ನು ಉಪವಾಸ ಕೆಡವಿದಳು. ಯಾರೂ ಚಹಾ ಕೇಳಲಿಲ್ಲ. ನಾನು ಕುಣಿದಾಡುವುದೊಂದು ಬಾಕಿ. ನಿಯಮದಲ್ಲಿ ಒಂದು ಅಕ್ಷರ ಬದಲಿಸಿಲ್ಲ, ಆಟ ತಾನಾಗಿ ಪಕ್ವವಾಗುತ್ತಿದೆ! ಉಪ್ಪಿನಕಾಯಿಯ ಹಾಗೆ ಆಟಕ್ಕೂ ಮಾಗುವ ಕಾಲವಿರುತ್ತದೆ ಎಂದು ಡಿಪೋದ ಗೆಳತಿಯರಿಗೆ ಉಪನ್ಯಾಸ ಕೊಟ್ಟೆ.

ಆರನೆಯ ಭಾನುವಾರ ಮಾತ್ರ ಆಟ ಸ್ವಲ್ಪ ಬಿಗಿಯಾಗಿ, ಹಸಿದವರ ಜಗಳದಂತಾಯಿತು. ಮುಂದಿನ ಶನಿವಾರವೇ ಮನೆಯವರೆಲ್ಲ ಕಂಪನಿಗೆ ಹೋಗಿ ಆಡಿ ತೋರಿಸಬೇಕು. ಅಳತೆ ಅಕ್ಕ ಅಕ್ಕರೆಯಿಂದ, ಮೇಡಂ ಮುಂದೆ ಅಂದವಾಗಿ ಬಿಚ್ಚಿಡಲೆಂದು, ಎಪ್ಪತ್ತೆರಡು ಪುಟ್ಟ ಜೇಬುಗಳಿರುವ ಬಟ್ಟೆಯ ಸುರುಳಿಯೊಂದನ್ನು ಹೊಲಿದು ತಂದಳು. ಬುಧವಾರ ಡಿಪೋದಿಂದ ಬಂದವಳು ಒಂದೊಂದೇ ಬಿಲ್ಲೆಯನ್ನು ಜೇಬಿಗೆ ಇಳಿಸಿದೆ. ಮೂವತ್ತೊಂದಕ್ಕೆ ಚೀಲ ಖಾಲಿಯಾಯಿತು. ನಲವತ್ತೊಂದು ಜೇಬುಗಳು ನನ್ನನ್ನೇ ನೋಡಿ ಬಾಯಿ ತೆರೆದುಕೊಂಡಿದ್ದವು.

ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ನಾನೂ ಮನೆಯ ಬಾಗಿಲು ಹಾಕಿಕೊಂಡು ಮೇಜಿನ ಕೆಳಗೆ, ಸೋಫಾದ ಸಂದಿಯಲ್ಲಿ, ಕೊನೆಗೆ ಈರುಳ್ಳಿ ಬುಟ್ಟಿಯಲ್ಲೂ ಹುಡುಕಿದೆ. ಅಪ್ಪ ಮನೆಯಲ್ಲಿರಲಿಲ್ಲ, ಡಾಕ್ಟರು ಹೇಳಿದ್ದಾರೆಂದು ದಿನಾ ಸಂಜೆ ವಾಕಿಂಗ್ ಹೋಗುತ್ತಿದ್ದ. ಅಮ್ಮ "ಇಲಿ ತಿಂದಿರಬೇಕು" ಎಂದಳು. ತವರ ತಿನ್ನುವ ಇಲಿ ಯಾವುದೆಂದು ನನಗೆ ಗೊತ್ತಿತ್ತು. ಎರಡು ಕಾಲಿನದ್ದು, ಮೀಸೆ ಇರುವುದು, ಕಣ್ಣಾಮುಚ್ಚಾಲೆಯಲ್ಲಿ ಬೆರಳ ಸಂದಿಯಿಂದ ನೋಡುವುದು.

ಮಾವನ ಮನೆ ಎರಡು ಬೀದಿ ಆಚೆ. ಮುಂದಿನ ಕೋಣೆಯಲ್ಲಿ ಹಳೆಯ ಪಾತ್ರೆಗಳ ಗುಡ್ಡೆಯ ನಡುವೆ ಕೂತು ಕೊಳಗವೊಂದರ ಸೊಟ್ಟ ತಿದ್ದುತ್ತಿದ್ದ.

"ನಲವತ್ತೊಂದು ತವರ ಎಲ್ಲಿ ಮಾವ?" ಎಂದೆ. ಪೀಠಿಕೆ ಹಾಕುವ ಸ್ವಭಾವ ನನ್ನದಲ್ಲ.

ಅವನು ಸುತ್ತಿಗೆ ಕೆಳಗಿಟ್ಟ. "ಏನಂದೆ?"

"ನಿನ್ನ ಕೈ ನಂಗೆ ಗೊತ್ತಿಲ್ವಾ? ಇಸ್ಪೀಟಲ್ಲಿ ರಾಣಿ ನಿನ್ನ ತೋಳೊಳಗೇ ವಾಸ. ಶನಿವಾರ ನನ್ನ ಐದು ವರ್ಷದ ಕೆಲಸ ಮಣ್ಣುಪಾಲಾಗುತ್ತೆ. ಆಟದಲ್ಲಿ ಗೆಲ್ಲೋದಕ್ಕೆ ಇಷ್ಟೊಂದು ಮಾಡ್ತಾರಾ?"

"ಲೇ ಹುಡುಗಿ!" ಮಾವನ ಮೀಸೆ ನಡುಗಿತು. "ಹುಟ್ಟಿದಾಗಿಂದ ನಾನು ಮಾಡದೇ ಇರೋ ಕಳ್ಳತನ ಇದೊಂದೇ. ನೋಡು, ಇದಕ್ಕೇ ಸಿಕ್ಕಿಬಿದ್ದೆ! ಶನಿವಾರಾನೂ ಬರಲ್ಲ, ಭಾನುವಾರಾನೂ ಬರಲ್ಲ. ತಾಮ್ರದ ಗುಡ್ಡ ನೀನೇ ಇಟ್ಕೊ, ತಲೆ ಚಚ್ಕೊ."

ಅವನು ಹೇಳುತ್ತಿದ್ದುದು ನಿಜವಿರಬಹುದೆಂದು ನನಗೆ ಅನ್ನಿಸಿದ್ದು ಅವನ ಮಾತಿನಿಂದಲ್ಲ. ಮಾತಾಡುವಾಗ ಅವನ ಕಣ್ಣು ಹಿತ್ತಲ ಬಾಗಿಲಿಗೆ ಎರಡು ಸಲ ಹೋಗಿಬಂತು. ನಾನೂ ಆ ಕಡೆ ತಿರುಗಿದೆ. ಬಾಗಿಲ ಪಕ್ಕದಲ್ಲಿ ದೊಡ್ಡ ತಾಮ್ರದ ಹಂಡೆಯೊಂದು ಬಾಯಿ ಮೇಲಾಗಿ ಕೂತಿತ್ತು. ಬಗ್ಗಿ ಒಳಗೆ ನೋಡಿದೆ. ಹಾಲಿನಂತೆ ಬೆಳ್ಳಗೆ, ಹೊಚ್ಚ ಹೊಸ ಕಲಾಯಿ. ತಳದ ನಡುವಿನಲ್ಲಿ ಹತ್ತಿಯ ಉಂಡೆ ಎತ್ತಿದ ಜಾಗದಲ್ಲಿ ಒಂದು ಸಣ್ಣ ಸುಳಿ, ಎಡಕ್ಕೆ ತಿರುಗಿದ್ದು. ಎಲ್ಲ ಕಲಾಯಿಯವರ ಸುಳಿ ಬಲಕ್ಕೆ ತಿರುಗುತ್ತದೆ. ಎಡಗೈಯಲ್ಲಿ ಒರೆಸುವವನು ಈ ಸುತ್ತಮುತ್ತ ಒಬ್ಬನೇ. ಬಾಲ್ಯದಲ್ಲಿ ಆ ಸುಳಿಯಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಂಡವಳು ನಾನು.

ಹಿತ್ತಲಿಗೆ ಹೋದೆ. ಮುಖಕ್ಕೆ ಒದ್ದೆ ಟವೆಲ್ ಕಟ್ಟಿಕೊಂಡು, ಒಂದು ಕೈಯಲ್ಲಿ ಇಕ್ಕಳ, ಇನ್ನೊಂದರಲ್ಲಿ ಹತ್ತಿ ಹಿಡಿದು, ಪುಟ್ಟ ಬೆಂಕಿಯ ಮುಂದೆ ನನ್ನ ಭಂಡಾರಿ ವಾಕಿಂಗ್ ಮಾಡುತ್ತಿದ್ದ.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ನನಗೆ ನಗು ಬಂತು, ಅಳುವೂ ಬಂತು, ಎಲ್ಲಕ್ಕಿಂತ ಮೊದಲು ಕೋಪ ಬಂತು.

"ಅಪ್ಪಾ! ಪ್ರತಿ ವಾರ ನನ್ನ ಕಣ್ಣೆದುರಿಗೆ ಸರಿಯಾಗಿದೆ ಅಂದ್ಯಲ್ಲ?"

ಅಪ್ಪ ಟವೆಲ್ ಕೆಳಗೆಳೆದ. ಸಿಕ್ಕಿಬಿದ್ದವನ ಮುಖವಿರಲಿಲ್ಲ ಅದು, ಕೆಲಸದ ನಡುವೆ ಮಾತಾಡಿಸಿದರೆ ಸಿಡುಕುವವನ ಮುಖ. "ಪಾತ್ರೆ ಆರಿಹೋಗುತ್ತೆ, ಒಂದು ನಿಮಿಷ ತಡಿ" ಎಂದು ಒಂದೇ ಬೀಸಿಗೆ ಒರೆಸಿ, ಎಡಕ್ಕೆ ಸುಳಿ ತೆಗೆದು, ಪಾತ್ರೆಯನ್ನು ನೀರಿಗೆ ಅದ್ದಿದ. ಆಮೇಲೆ ಮೆತ್ತಗೆ ಹೇಳಿದ, "ಪಾತ್ರೆ ಹಿಡ್ಕೊಂಡು ಬಾಗಿಲಿಗೆ ಬಂದವರನ್ನ ಬರಿಗೈಲಿ ಕಳಿಸೋದು ನಂಗೆ ಬರಲ್ಲ ಮಗಳೇ. ಕಲಿಯೋಕೆ ನೋಡಿದೆ. ಬರ್ಲಿಲ್ಲ."

"ಕೆಮ್ಮು?"

"ಗಾಳಿ ಆ ಕಡೆಗಿದೆ. ಟವೆಲ್ ಇದೆ."

"ಅಷ್ಟು ಮಾಡೋನು ತೂಕಕ್ಕೆ ಚೀಲದೊಳಗೆ ಸೀಸನಾದ್ರೂ ಹಾಕಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ" ಎಂದು ಕುಟುಕಿದೆ.

ಅಪ್ಪ ನಿಜವಾಗಿ ಸಿಟ್ಟಾದದ್ದು ಆಗಲೇ. "ಸೀಸನಾ? ತವರದ ಜೊತೆ ಸೀಸ ಬೆರೆಸೋದಾ? ನನ್ನ ಕೈಲಿ? ನನ್ನನ್ನ ಏನು ಅಂದ್ಕೊಂಡಿದ್ದೀಯ ನೀನು?"

ಮಗಳ ಚೀಲದಿಂದ ಕದಿಯಬಹುದು, ಕಲಬೆರಕೆ ಮಾತ್ರ ಮಹಾಪಾಪ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ಅಪ್ಪನಂಥವರನ್ನು ನೋಡಿಯೇ ಹುಟ್ಟಿದ ಮಾತಿರಬೇಕು. ಹಿಂದೆ ಬಾಗಿಲಲ್ಲಿ ನಿಂತಿದ್ದ ಮಾವ ಕೈಕಟ್ಟಿಕೊಂಡು, "ಈಗ ಹೇಳು, ಕಳ್ಳ ಯಾರು?" ಎಂದ.

"ಗೊತ್ತಿದ್ದೂ ಸುಮ್ಮನಿದ್ದೆಯಲ್ಲ!"

"ಭಾವ ನನ್ನ ಹಂಡೆಗೆ ಕಲಾಯಿ ಹಾಕಿಕೊಟ್ರು. ಸುಮ್ಮನಿರದೇ ಏನು ಮಾಡ್ಲಿ?"

ನಾನು ಕಟ್ಟೆಯ ಮೇಲೆ ಕೂತೆ. ಎರಡು ಹಗಲು ಕಳೆದರೆ ಶನಿವಾರ. ಗೆಲ್ಲುತ್ತೇನೆಂದುಕೊಂಡಿದ್ದ ಆಟ ನನ್ನದೇ ಅಲ್ಲ, ಅದರ ಸಮತೂಕ ಅಪ್ಪನ ಜೇಬಿನಲ್ಲಿತ್ತು. ಮತ್ತೆ ಎಪ್ಪತ್ತೆರಡು ತುಂಬಿಸಿದರೆ ಪುನಃ ಆ ಸಪ್ಪೆ ಮೊದಲ ಭಾನುವಾರ. ಮೂವತ್ತೊಂದಕ್ಕೇ ಬಿಟ್ಟರೆ ಹಸಿದವರ ಜಗಳ. ಅಪ್ಪ ಪಕ್ಕದಲ್ಲಿ ಬಂದು ಕೂತ.

"ಒಂದು ಮಾತು ಹೇಳ್ಲಾ? ನಿನ್ನ ನಿಯಮ ನಂಗೆ ಮೊದಲ ದಿನದಿಂದ ಹಿಡಿಸ್ಲಿಲ್ಲ. ಖರ್ಚಾದ ತವರ ಚೀಲಕ್ಕೆ ವಾಪಸ್ ಬರುತ್ತೆ ಅಂತೀಯಲ್ಲ, ಯಾವ ತವರ ವಾಪಸ್ ಬಂದಿದೆ? ಸೌಟು ತಗುಲಿ ಸವೆಯುತ್ತೆ, ಉಜ್ಜಿದಾಗ ಸವೆಯುತ್ತೆ, ಹಡಗು ಮುಳುಗಿದ್ರೆ ನೀರಿಗೆ ಹೋಗುತ್ತೆ. ಹೋಗ್ತಾ ಇರುತ್ತೆ, ಅದಕ್ಕೇ ಅಲ್ವಾ ಜನ ಮತ್ತೆ ಬಾಗಿಲಿಗೆ ಬರೋದು? ನಾನು ತೆಗೆಯೋಕೆ ಶುರು ಮಾಡಿದ ದಿನವೇ ನಿಮ್ಮಮ್ಮ ನಿನ್ನ ಮಾವನನ್ನ ಮಾತಾಡಿಸಿದ್ಳು. ಅಲ್ಲೀವರೆಗೆ ನಾಲ್ಕು ಜನ ನಾಲ್ಕು ಗೋಡೆ ನೋಡ್ಕೊಂಡು ಆಡ್ತಿದ್ರಿ."

ಕಳ್ಳನ ಬಾಯಲ್ಲಿ ಇಷ್ಟು ಒಳ್ಳೆಯ ನೆಪ ನಾನು ಕೇಳಿರಲಿಲ್ಲ. ಕೈಚೀಲದಿಂದ ಡಿಪೋದ ಹಾಳೆಯೊಂದನ್ನು ತೆಗೆದು ಅದರ ಬೆನ್ನಿಗೆ ಗೆರೆ ಎಳೆದೆ. "ಯಾವ ವಾರ ಎಷ್ಟು ತೆಗೆದೆ, ಹೇಳು."

ಸಂಖ್ಯೆ ಅವನಿಗೆ ನೆನಪಿರಲಿಲ್ಲ. ಪಾತ್ರೆಗಳು ನೆನಪಿದ್ದವು. ವರ್ಷದ ಕೊನೆಗೆ ಬಟ್ಟಲು ಚೀಲಕ್ಕೆ ಬಗ್ಗಿಸುವಾಗ ಕೈ ಹೋಗುತ್ತಿತ್ತಂತೆ, ಆಟಕ್ಕೆ ಆರು ಸಲ. ದೊಡ್ಡ ಪಾತ್ರೆಗೆ ಎರಡು ಬಿಲ್ಲೆ, ಚಿಕ್ಕದಕ್ಕೆ ಒಂದು. ಕಣ್ಣು ಮುಚ್ಚಿಕೊಂಡು ಹೇಳುತ್ತಾ ಹೋದ: ಮೊದಲ ವಾರ ಶಾಲೆಯ ಆಯಾಳ ಆರು ಲೋಟ, ಎರಡನೆಯ ವಾರ ಬೇಕರಿಯವನ ದೊಡ್ಡ ಬೋಗುಣಿ, ಐದು ತಟ್ಟೆ, ಮೂರನೆಯ ವಾರ ಬಾಣಂತಿ ಮನೆಯ ದೊಡ್ಡ ನೀರಿನ ಪಾತ್ರೆ, ಐದು ಚೊಂಬು. ಅವನು ಹೇಳಿದ್ದನ್ನೆಲ್ಲ ನಾನು ಎಣಿಕೆಗೆ ಇಳಿಸಿದೆ. ಆರು, ಏಳು, ಏಳು. ನಾಲ್ಕನೆಯ ಭಾನುವಾರ ಆಟಕ್ಕೆ ಕೂತಾಗ ಚೀಲದಲ್ಲಿದ್ದದ್ದು ಐವತ್ತೆರಡು. ಆ ದಿನ ಎರಡು ದೊಡ್ಡ ಪಾತ್ರೆ, ನಾಲ್ಕು ಚಿಕ್ಕವು. ಆ ಹಬೆಯಾಡಿದ ಭಾನುವಾರ.

ಹಾಳೆಯ ಕೆಳಗೆ ಹೊಸ ನಿಯಮ ಬರೆದೆ. ಐವತ್ತೆರಡರಿಂದ ಶುರು. ಪ್ರತಿ ವರ್ಷದ ಕೊನೆಗೆ ಒಂದು ತವರ ಶಾಶ್ವತವಾಗಿ ಹೋಗುತ್ತದೆ, ಆ ವರ್ಷ ಯಾರಾದರೂ ಬಾಗಿಲಿನ ಹಲಗೆ ಎರಕ ಹೊಯ್ದಿದ್ದರೆ ಎರಡು. ಐದು ವರ್ಷ ನಾನು ತವರ ಎಷ್ಟಿರಬೇಕೆಂದು ತಲೆ ಕೆಡಿಸಿಕೊಂಡಿದ್ದೆ. ಅದು ಹೇಗೆ ಕಡಿಮೆಯಾಗಬೇಕೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಮಾವನ ಕಾಲು ಮುಟ್ಟುವುದೊಂದು ಬಾಕಿ, ಅಷ್ಟು ಬೇಡಿಕೊಂಡೆ. ಅವನು ಕಳ್ಳನಲ್ಲ ಎಂದು ಅಳತೆ ಅಕ್ಕನ ಎದುರಿಗೆ ನಾನು ಮೂರು ಸಲ ಹೇಳಿದ ಮೇಲೆ ಬರಲು ಒಪ್ಪಿದ. ಮೂರನೆಯ ಸಲ ನಾನು ಹೇಳುವಾಗ ಅಳತೆ ಅಕ್ಕನಿಗೆ ನಗು ತಡೆಯಲಾಗದೆ ಸೂಜಿ ಬಾಯಿಂದ ಬಿತ್ತು. ಕೊರತೆಯ ಇಪ್ಪತ್ತೊಂದು ತವರಕ್ಕೆ ಅವಳೇ ಕೋಟಿನ ಬಿಳಿ ಗುಂಡಿಗಳನ್ನು ಕೊಟ್ಟಳು. "ಗುಂಡಿಗೆ ತವರ ಅನ್ನೋದಾ!" ಎಂದು ಅಪ್ಪ ಮುಖ ಸಿಂಡರಿಸಿದ. ನಾನು ಅವನನ್ನು ನೋಡಿದ ರೀತಿಗೆ ತಾನೇ ಕೂತು ಗುಂಡಿ ಎಣಿಸಿದ.

ಶನಿವಾರ ಬೆಳಗ್ಗೆ ಕಂಪನಿಯ ಉದ್ದನೆಯ ಕೋಣೆಯಲ್ಲಿ ಮೇಡಂ ಧಾನ್ಯದ ಊರು ತೆಗೆದುಕೊಂಡರು, ಅವರ ಪೆಟ್ಟಿಗೆ ವಿನ್ಯಾಸ ಮಾಡುವವನು ಮರದ್ದು. ತಾಮ್ರ ಮಾವನಿಗೆ, ಬಂದರು ಅಮ್ಮನಿಗೆ. ಭಂಡಾರಿ ಅಪ್ಪ. ನಾನು ಗೋಡೆಗೆ ಒರಗಿ ನಿಂತೆ. ಮೊದಲ ಎರಡು ವರ್ಷ ಯಾರೂ ತುಟಿ ಬಿಚ್ಚಲಿಲ್ಲ. ಮೇಡಂ ಒಮ್ಮೆ ಗಡಿಯಾರ ನೋಡಿದರು. ನಾನು ಮನಸ್ಸಿನಲ್ಲೇ ಬೇರೆ ಆಟ ಯೋಚಿಸತೊಡಗಿದೆ.

ಮೂರನೆಯ ವರ್ಷದ ಕೊನೆಗೆ ಅಪ್ಪ ಬಟ್ಟಲಿನಿಂದ ಎರಡು ಬಿಲ್ಲೆ ತೆಗೆದು ಪಕ್ಕಕ್ಕಿಟ್ಟ. ಮೇಡಂ ಕನ್ನಡಕ ಮೇಲೇರಿಸಿ, "ಅವು ಎಲ್ಲಿ ಹೋದವು?" ಎಂದರು.

ಉತ್ತರ ನಾನು ಕೊಡಬೇಕಿತ್ತು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಕೇಳಿದ, "ಚಿಕ್ಕಂದಿನಲ್ಲಿ ನಿಮ್ಮನೇಲಿ ಕಲಾಯಿ ಪಾತ್ರೆ ಇತ್ತಾ ಮೇಡಂ?"

"ಇತ್ತು. ಅಜ್ಜಿ ಅಡುಗೆ ಮಾಡೋದು ಅದರಲ್ಲೇ."

"ಅದರ ತವರ ಎಲ್ಲಿ ಹೋಯ್ತು?"

ಮೇಡಂ ಕೈಯಲ್ಲಿದ್ದ ಬಿಲ್ಲೆಯನ್ನು ತಿರುಗಿಸಿ ನೋಡಿದರು. "ನಮ್ಮ ಹೊಟ್ಟೇಗೇ ಹೋಗಿರ್ಬೇಕು."

"ಇದೂ ಅಲ್ಲಿಗೇ ಹೋಯ್ತು" ಎಂದು ಅಪ್ಪ ಚೀಲದ ದಾರ ಎಳೆದ.

ಅವರು ನಕ್ಕರು, ಆಮೇಲೆ ತಮ್ಮ ಮುಂದಿನ ಬಿಲ್ಲೆಗಳನ್ನು ಎಣಿಸಿದರು, ಆಮೇಲೆ ನಗು ನಿಲ್ಲಿಸಿದರು. ನಾಲ್ಕನೆಯ ವರ್ಷದಲ್ಲಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಐದನೆಯದರಲ್ಲಿ ಒಂದು ತವರಕ್ಕೆ ಏಳು ಮೂಟೆ ಕೇಳಿದ ಮಾವನಿಗೆ "ನಿಮಗೆ ಮನುಷ್ಯತ್ವ ಇದೆಯೇನ್ರೀ?" ಎಂದರು. ಮಾವ "ಇದೆ ಮೇಡಂ, ಎಂಟು ಮೂಟೆ" ಎಂದ. ಅವರು ಎಂಟೂ ಕೊಟ್ಟು, ಅಮ್ಮನ ಜೊತೆ ಸೇರಿ ಅವನ ತಾಮ್ರಕ್ಕೆ ಬಂದರಿನ ದಾರಿ ಮುಚ್ಚಿಸಿ, ಕೊನೆಯ ವರ್ಷದಲ್ಲಿ ಒಂದೇ ಒಂದು ಗುಂಡಿಯ ಕೊರತೆಯಿಂದ ಸೋತರು. ಗೆದ್ದವನು ಪೆಟ್ಟಿಗೆಯವನು. ಅವನ ಕಡೆ ಅಷ್ಟು ಹೊತ್ತೂ ಯಾರೂ ನೋಡಿರಲಿಲ್ಲ.

"ಇನ್ನೊಂದಾಟ" ಎಂದರು ಮೇಡಂ. ಹಾಗೆಂದಾಗಲೇ ನನಗೆ ಗೊತ್ತಾಯಿತು, ಆಟ ಗೆದ್ದಿತೆಂದು. ಐದು ವರ್ಷ ಒಟ್ಟಿಗೇ ಕಣ್ಣಿಗೆ ಬಂದವು.

ಹೊರಡುವಾಗ ಅವರು ಚೀಲವನ್ನು ಅಪ್ಪನ ಕೈಗೆ ವಾಪಸು ಕೊಟ್ಟರು. "ಅಚ್ಚಿನಲ್ಲಿ ಬಿಲ್ಲೆ ಮರದ್ದು ಮಾಡಿಸ್ತೀವಿ. ಇವು ನಿಮ್ಮವೇ, ಇಟ್ಕೊಳ್ಳಿ."

ಬಸ್ಸಿನಲ್ಲಿ ಚೀಲ ಅಪ್ಪನ ತೊಡೆಯ ಮೇಲಿತ್ತು. ಅವನು ಕಿಟಕಿಯ ಹೊರಗೆ ನೋಡುತ್ತ, ತನಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ಕೂತಿದ್ದ. ಕೈ ಮಾತ್ರ ಚೀಲದ ಮೇಲಿತ್ತು. ಅದನ್ನು ನೋಡಿ ನನಗೆ ನಾಚಿಕೆಯಾಯಿತು. ಒಳ್ಳೆಯದಕ್ಕೇ ಮಾಡಿದ್ದೆ, ಆದರೆ ಕೇಳದೆ ಮಾಡಿದ್ದೆ. ಮಂಚದ ಕೆಳಗಿನದನ್ನು ಉಪಾಯದಿಂದ ತೆಗೆಸಿದವಳಿಗೂ ಬಟ್ಟಲಿನಿಂದ ಉಪಾಯದಿಂದ ತೆಗೆದವನಿಗೂ ಏನು ವ್ಯತ್ಯಾಸ? ಇಬ್ಬರದ್ದೂ ಒಂದೇ ರಕ್ತ.

"ವಾರಕ್ಕೆ ಒಂದು ಬಿಲ್ಲೆ" ಎಂದೆ.

ಅಪ್ಪ ತಿರುಗಲಿಲ್ಲ. "ಮೂರು."

"ಒಂದು. ನಮ್ಮ ಅಂಗಳದಲ್ಲೇ, ಹಾಡುಹಗಲಲ್ಲಿ. ಸರಿಯಾದ ಮುಖಗವಸು ಹಾಕ್ಕೊಂಡು. ಗಾಳಿ ಊದೋ ತಿದಿ ಮಾವ ಒತ್ತಬೇಕು. ಮೂರು ತಿಂಗಳಿಗೊಮ್ಮೆ ಡಾಕ್ಟರು."

"ನಾನ್ಯಾಕೆ ಒತ್ಲಿ?" ಎಂದು ಹಿಂದಿನ ಸೀಟಿನಿಂದ ಮಾವ.

"ಎರಡು" ಎಂದ ಅಪ್ಪ. "ಡಾಕ್ಟರ ವಿಷಯ ಒಪ್ಕೊಂಡೆ."

"ಎರಡು. ಭಾನುವಾರ ನನ್ನೆದುರಿಗೆ ತೆಗೀಬೇಕು. ಡಾಕ್ಟರು ಬೇಡ ಅಂದ ದಿನ ಚೀಲ ನಂದು." ಕೈ ಚಾಚಿದೆ. ಅವನು ಹಿಡಿದುಕೊಂಡ. ಅಮ್ಮ ಇಬ್ಬರನ್ನೂ ನೋಡಿ, "ಧಾನ್ಯ ಯಾರೂ ಕೇಳ್ಲಿಲ್ಲ, ಸದ್ಯ" ಎಂದಳು.

ಒಪ್ಪಂದದ ಮೂರನೆಯ ಭಾನುವಾರ. ಅಂಗಳದಲ್ಲಿ ಬೆಂಕಿ ಹೊತ್ತಿತ್ತು, ಮಾವ ಗೊಣಗುತ್ತ ತಿದಿ ಒತ್ತುತ್ತಿದ್ದ, ಗೇಟಿನ ಹತ್ತಿರ ಮೂವರು ಪಾತ್ರೆ ಹಿಡಿದು ನಿಂತಿದ್ದರು. ಗುಂಡಿಗಳು ಅಳತೆ ಅಕ್ಕನ ಡಬ್ಬಿಗೆ ಮರಳಿದ್ದವು, ಉಳಿದ ಮೂವತ್ತೊಂದರಲ್ಲಿ ಎರಡು ವಾರಕ್ಕೆ ನಾಲ್ಕು ಹೋಗಿ ಚೀಲದಲ್ಲಿ ಇಪ್ಪತ್ತೇಳು ಇರಬೇಕು. ಅಪ್ಪ ಮುಖಗವಸಿನೊಳಗಿಂದ ನನ್ನನ್ನೇ ನೋಡುತ್ತ ಚೀಲವನ್ನು ತಂದು ನನ್ನ ಅಂಗೈಯಲ್ಲಿಟ್ಟ. ಬಿಚ್ಚಿ ಎಣಿಸಬೇಕೆಂದು ದಾರಕ್ಕೆ ಬೆರಳು ಹಾಕಿದವಳು ಯಾಕೋ ನಿಲ್ಲಿಸಿದೆ. ಎರಡು ಸಲ ಮೆಲ್ಲಗೆ ಎತ್ತಿ ಇಳಿಸಿದೆ. ಮೂವತ್ತು ವರ್ಷ ಉಪ್ಪಿಗೂ ಇಟ್ಟಿಗೆಗೂ ವ್ಯತ್ಯಾಸ ತಿಳಿಯದ ನನ್ನ ಅಂಗೈಗೆ ಅಂದು ತಿಳಿಯಿತು. ಹಗುರವಾಗಿತ್ತು. ಒಂದಲ್ಲ, ಎರಡು ಬಿಲ್ಲೆ ಕಡಿಮೆ.

ಅಪ್ಪನಿಗೂ ಗೊತ್ತಾಯಿತು, ನನಗೆ ಗೊತ್ತಾಯಿತೆಂದು.

ಅಡುಗೆಮನೆಯ ಕಿಟಕಿಯಿಂದ ಅಮ್ಮ ಕೂಗಿದಳು, "ಏನೇ, ಸರಿಯಾಗಿದ್ಯಾ?"

"ಸರಿಯಾಗಿದೆ ಅಮ್ಮಾ" ಎಂದೆ.